ಲೂಪಸ್ ಇದ್ದರೆ ಮೂತ್ರದ ಪ್ರೋಟೀನ್ ರಿಪೋರ್ಟ್ ಓದೋದು ಹೇಗೆ

ಲೂಪಸ್ ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಅದು ಕಿಡ್ನಿಗೆ ತಗುಲಿದರೆ ಶುರುವಿನಲ್ಲಿ ನೋವೂ ಇರುವುದಿಲ್ಲ, ಉರಿಯೂ ಇರುವುದಿಲ್ಲ. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಒಂದು ಕಸ) ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ, ಅದನ್ನು ನೋಡಿ ಮನೆಯವರೆಲ್ಲ ನಿರಾಳವಾಗಿಬಿಡುತ್ತಾರೆ. ಆದರೆ ಸುಳಿವು ಮೊದಲು ಸಿಗೋದು ಮೂತ್ರದಲ್ಲಿ, ಅಲ್ಲಿಗೆ ಸೋರುವ ಪ್ರೋಟೀನ್‌ನಿಂದ. ಕಿಡ್ನಿ ಚೆನ್ನಾಗಿದ್ದರೂ 6ರಿಂದ 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ಲೂಪಸ್ ಕೆರಳಿದಾಗ ಕಾಯದೆ ಮಾಡಿಸಿ. ನೊರೆ ಬರಲಿ ಆಮೇಲೆ ನೋಡೋಣ ಅಂತ ಕೂರಬೇಡಿ.

ಯೂರಿನ್ ರೊಟೀನ್‌ನಲ್ಲಿ ಕಡ್ಡಿ ಅದ್ದಿ ಬಣ್ಣ ನೋಡಿ ಹಾಕುವ 1+, 2+ ಗುರುತು ಸಾಕಾಗುವುದಿಲ್ಲ. ನೀರು ಜಾಸ್ತಿ ಕುಡಿದರೆ ಮೂತ್ರ ತೆಳುವಾಗಿ ಪ್ರೋಟೀನ್ ಕಮ್ಮಿ ಕಾಣುತ್ತದೆ, ಕುಡಿಯದಿದ್ದರೆ ಜಾಸ್ತಿ ಕಾಣುತ್ತದೆ. ಅದಕ್ಕೇ ಪ್ರೋಟೀನ್-ಕ್ರಿಯಾಟಿನಿನ್ ರೇಶಿಯೋ ಬೇಕು, ಅಂದರೆ ಮೂತ್ರದ ಪ್ರೋಟೀನನ್ನು ಅದೇ ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸಿದ ಅಂಕಿ. ಇಬ್ಬರಿಗೆ ಪ್ರೋಟೀನ್ 30 ಮಿ.ಗ್ರಾಂ ಬಂದಿದೆ ಅಂದುಕೊಳ್ಳಿ, ಕಡ್ಡಿಯಲ್ಲಿ ಇಬ್ಬರದ್ದೂ 1+. ಒಬ್ಬರ ಮೂತ್ರದ ಕ್ರಿಯಾಟಿನಿನ್ 200, ಭಾಗಿಸಿದರೆ 0.15. ಅಂಥ ಚಿಂತೆ ಇಲ್ಲ. ಇನ್ನೊಬ್ಬರದ್ದು 30, ಭಾಗಿಸಿದರೆ 1. ಅಂದರೆ ದಿನಕ್ಕೆ ಹೆಚ್ಚುಕಮ್ಮಿ 1 ಗ್ರಾಂ ಸೋರುತ್ತಿದೆ! ಗುರುತು ಒಂದೇ, ಕಥೆ ಬೇರೆ.

ಇದೇ ರೇಶಿಯೋವನ್ನು ಕೆಲವು ಲ್ಯಾಬ್‌ಗಳು 0.5 (ಮಿ.ಗ್ರಾಂ/ಮಿ.ಗ್ರಾಂ) ಅಂತ ಬರೆಯುತ್ತವೆ, ಕೆಲವು 500 (ಮಿ.ಗ್ರಾಂ/ಗ್ರಾಂ) ಅಂತ. ಎರಡೂ ಒಂದೇ, ಗಾಬರಿ ಬೇಡ. ಮೈಕ್ರೋಆಲ್ಬುಮಿನ್ ಮಾತ್ರ ಬೇರೆ ಟೆಸ್ಟು, ಆಲ್ಬುಮಿನ್ ಅನ್ನೋ ಒಂದೇ ಪ್ರೋಟೀನನ್ನು ಅಳೆಯುತ್ತದೆ, ಅದರ ಅಂಕಿಯನ್ನು ಇದರ ಪಕ್ಕ ಇಟ್ಟು ಹೋಲಿಸಬೇಡಿ.

ಆದಷ್ಟೂ ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರ ಕೊಡಿ, ಮೊದಲು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ. ಮುಟ್ಟು, ಜ್ವರ, ಮೂತ್ರದ ಸೋಂಕು ಇದ್ದಾಗ, ಹಿಂದಿನ ದಿನ ಮೈಮುರಿಯೋ ವ್ಯಾಯಾಮ ಮಾಡಿದ್ದಾಗ ಅಂಕಿ ಸುಮ್ನೆ ಏರುತ್ತದೆ. ಸಾಧ್ಯವಿದ್ದರೆ ಪ್ರತಿ ಸಲ ಒಂದೇ ಲ್ಯಾಬ್. 24 ಗಂಟೆಯ ಮೂತ್ರ ಕೇಳಿದರೆ, ಬೆಳಗ್ಗೆಯ ಮೊದಲನೆಯದನ್ನು ಚೆಲ್ಲಿ ಗಂಟೆ ಬರೆದಿಡಿ, ಆಮೇಲಿನದೆಲ್ಲ ಕ್ಯಾನಿಗೆ, ಮಾರನೇ ದಿನ ಅದೇ ಹೊತ್ತಿನದೂ ಸೇರಿ. ಒಂದು ಸಲ ತಪ್ಪಿದರೂ ಲ್ಯಾಬಿಗೆ ಹೇಳಿಬಿಡಿ, ಅರೆಬರೆ ಕ್ಯಾನಿನ ಲೆಕ್ಕ ಕಮ್ಮಿ ತೋರಿಸಿ ದಾರಿ ತಪ್ಪಿಸುತ್ತದೆ.

ರೇಶಿಯೋ 0.5 ದಾಟಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಅವರು ಸಾಮಾನ್ಯವಾಗಿ ಮತ್ತೊಮ್ಮೆ ಮಾಡಿಸುತ್ತಾರೆ, ಮೂತ್ರದಲ್ಲಿ ಕೆಂಪು ರಕ್ತಕಣ ಇದೆಯಾ, ರಕ್ತದಲ್ಲಿ ಸಿ3, ಸಿ4 (ಲೂಪಸ್ ಕೆರಳಿದಾಗ ಕಮ್ಮಿಯಾಗುವ ರೋಗನಿರೋಧಕ ಪ್ರೋಟೀನ್‌ಗಳು) ಇಳಿದಿದೆಯಾ ನೋಡುತ್ತಾರೆ. ಆಮೇಲೆ ಬಯಾಪ್ಸಿಯ, ಅಂದರೆ ಸೂಜಿಯಿಂದ ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಮಾತು ಬರುತ್ತದೆ. ಹೆದರಿ ಮುಂದೂಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ, ಯಾಕೆಂದರೆ ಪ್ರೋಟೀನ್ ಸೋರುತ್ತಿರುವುದು ಈಗಿನ ಉರಿಯೂತದಿಂದಲೋ ಹಳೇ ಗಾಯದ ಕಲೆಯಿಂದಲೋ ಅನ್ನೋದು ಮೂತ್ರದಿಂದ ಗೊತ್ತಾಗುವುದಿಲ್ಲ, ಔಷಧಿ ನಿಂತಿರೋದೇ ಅದರ ಮೇಲೆ.

ಚಿಕಿತ್ಸೆ ಶುರುವಾದ ಮೇಲೆ ದಿನಾಂಕ ಹಾಕಿ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಿಡಿ. 3 ತಿಂಗಳಿಗೆ ಕಾಲು ಭಾಗ, 6 ತಿಂಗಳಿಗೆ ಅರ್ಧದಷ್ಟು ಇಳಿಯಬೇಕು, ವರ್ಷದ ಹೊತ್ತಿಗೆ 0.5ರಿಂದ 0.7ರ ಒಳಗೆ ಬರಬೇಕು ಅನ್ನೋದು ಡಾಕ್ಟರುಗಳ ಗುರಿ. 2.4ರಿಂದ ಶುರುವಾದವರಿಗೆ 1.8, ಆಮೇಲೆ 1.2. ಒಂದೇ ರಿಪೋರ್ಟಿನ ಏರಿಳಿತಕ್ಕೆ ಕಂಗಾಲಾಗಬೇಡಿ. 3ಕ್ಕಿಂತ ಮೇಲೆ ಸೋರುತ್ತಿದ್ದವರಿಗೆ ಇನ್ನೂ 6ರಿಂದ 12 ತಿಂಗಳು ಹಿಡಿಯಬಹುದು, ಅಲ್ಲಿಯವರೆಗೆ ಸ್ಟೀರಾಯ್ಡ್ ಆಗಲಿ ಬೇರೆ ಮಾತ್ರೆ ಆಗಲಿ ನೀವಾಗಿ ನಿಲ್ಲಿಸಬೇಡಿ.