ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಬೇಕಾ? ಮೊದ್ಲು ಗಾಡಿ ಕೆಳಗೆ ಮಲ್ಕೊಂಡು ನೋಡಿ

ಶನಿವಾರ ಬಂದ್ರೆ ಸಾಕು ಸಕಲೇಶಪುರ, ಮೂಡಿಗೆರೆ ಅಂತ ಹೊರಡೋರಿಗೆ ಒಂದಲ್ಲ ಒಂದಿನ ಈ ಹುಚ್ಚು ಹಿಡಿಯುತ್ತೆ, ಜಿಪ್ಸಿನೋ ಥಾರೋ ಥರದ ಫೋರ್ ಬೈ ಫೋರ್ (ನಾಲ್ಕೂ ಚಕ್ರ ಎಳೆಯೋ ಗಾಡಿ) ಒಂದು ತಗೋಬೇಕು, ಹೊಸದಕ್ಕೆ ದುಡ್ಡು ಸಾಲಲ್ಲ, ಸೆಕೆಂಡ್ ಹ್ಯಾಂಡೇ ಗತಿ. ತಗೊಳ್ಳಿ, ತಪ್ಪೇನಿಲ್ಲ. ಆದ್ರೆ ಅಲಾಯ್ ವೀಲು, ಎಲ್‌ಇಡಿ ಲೈಟು ನೋಡಿ ಅಡ್ವಾನ್ಸ್ ಕೊಟ್ಬಿಡ್ಬೇಡಿ, ಈ ಗಾಡಿಗಳ ಜಾತಕ ಇರೋದು ಹೊಟ್ಟೆ ಕೆಳಗೆ.

ಮೊದಲನೇದು, ಅದು ನಿಜವಾಗ್ಲೂ ಫೋರ್ ಬೈ ಫೋರಾ? ನಗ್ಬೇಡಿ. 2023ರ ಜನವರಿಯಿಂದ ಥಾರ್‌ನಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯೋ ಮಾಡೆಲ್ಲೂ ಬರ್ತಿದೆ, ದೂರದಿಂದ ಎರಡೂ ಒಂದೇ ಥರ, ಸ್ಟಿಕ್ಕರ್ ಯಾರು ಬೇಕಾದ್ರೂ ಅಂಟಿಸ್ಬಹುದು. ಗೇರ್ ಪಕ್ಕದಲ್ಲಿ ಫೋರ್ ಬೈ ಫೋರ್ ಹಾಕೋ ಇನ್ನೊಂದು ಚಿಕ್ಕ ಲಿವರ್ ಇದ್ಯಾ ನೋಡಿ. ಡೀಸೆಲ್ ಥಾರ್ ಆರ್‌ಸಿಲಿ 1497 ಸಿಸಿ ಅಂತಿದ್ರೆ ಅದು ಟೂ ವೀಲ್ ಡ್ರೈವೇ, ವಾಪಸ್ ಬನ್ನಿ.

ಬೆಳಗ್ಗೆ ಬೇಗ ಹೋಗಿ. ಬಾನೆಟ್ ಮುಟ್ಟಿದ್ರೆ ತಣ್ಣಗಿರಬೇಕು, ಬಿಸಿ ಇದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ ಅರ್ಥ. ತಣ್ಣಗಿರುವಾಗ್ಲೇ ಸ್ಟಾರ್ಟ್ ಮಾಡಿ ಹೊಗೆ ನೋಡಿ, ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಕುಡೀತಿದೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ್ಮೇಲೂ ನಿಲ್ಲದಿದ್ರೆ ಇಂಜಿನ್ ತಣ್ಣಗಿಡೋ ಕೂಲಂಟ್ ಸೋರಿ ಒಳಗೆ ಹೋಗ್ತಿರಬಹುದು.

ಆಮೇಲೆ ಒಂದು ಹಳೇ ಚಾಪೆ, ಟಾರ್ಚು, ಸ್ಕ್ರೂಡ್ರೈವರ್ ಹಿಡ್ಕೊಂಡು ಕೆಳಗೆ ನುಗ್ಗಿ. ಮಲ್ನಾಡಿನ ಎಸ್ಟೇಟಲ್ಲೋ ಮಂಗಳೂರಿನ ಉಪ್ಪುಗಾಳಿಲೋ ದುಡಿದ ಗಾಡಿ ಆಗಿದ್ರೆ ಚಾಸಿಸ್ ತುಕ್ಕು ಹಿಡಿದಿರೋ ಚಾನ್ಸ್ ಜಾಸ್ತಿ, ಮೇಲ್ಮೇಲಿನ ತುಕ್ಕು ಪರವಾಗಿಲ್ಲ, ಸ್ಕ್ರೂಡ್ರೈವರ್ ಚುಚ್ಚಿದ್ರೆ ಪದರ ಪದರ ಉದುರಿದ್ರೆ ಬೇಡ. ಕೆಳಗೆಲ್ಲಾ ಹೊಸದಾಗಿ ಕಪ್ಪು ಪೇಂಟ್ ಹೊಡೆದಿದ್ರೆ ಇನ್ನೂ ಹುಷಾರು. ಮೆಕ್ಯಾನಿಕ್ ಜೊತೆಗಿದ್ರೆ ಡಿಫರೆನ್ಷಿಯಲ್ (ಆಕ್ಸಲ್ ಮೇಲಿರೋ ಗುಂಡಗಿನ ಗೇರ್ ಪೆಟ್ಟಿಗೆ) ಆಯಿಲ್ ಸ್ವಲ್ಪ ತೆಗೆಸಿ, ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕಿದ್ರೆ ಗಾಡಿ ಹೊಳೆಗೆ ಇಳಿದಿದೆ, ನೀರು ಒಳಗೆ ಹೋಗಿದೆ.

ಈಗ ಮುಖ್ಯವಾದ್ದು, ಟ್ರಯಲ್. ಡಾಂಬರ್ ರೋಡಲ್ಲಿ ಫೋರ್ ಹೈ (ಮಾಮೂಲಿ ಸ್ಪೀಡಲ್ಲೇ ನಾಲ್ಕೂ ಚಕ್ರ ಎಳೆಯೋ ಸೆಟ್ಟಿಂಗ್) ಹಾಕಿ ತಿರುಗಿಸ್ಬೇಡಿ, ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಾಡಿ, ಎರಡಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಮೇಲೆ ಲೋಡ್ ಬೀಳುತ್ತೆ. ಕನಕಪುರ ರೋಡ್ ಕಡೆ ಎಲ್ಲಾದ್ರೂ ಸಡಿಲ ಮಣ್ಣಿರೋ ಜಾಗಕ್ಕೆ ಕರ್ಕೊಂಡು ಹೋಗಿ. ನಾನೊಂದ್ಸಲ ಒಂದು ಹಳೇ ಸ್ಕಾರ್ಪಿಯೋ ನೋಡಕ್ಕೆ ಹೋಗಿದ್ದೆ, ಸ್ವಿಚ್ ತಿರುಗಿಸಿದ ತಕ್ಷಣ ಡ್ಯಾಶ್‌ಬೋರ್ಡಲ್ಲಿ ಫೋರ್ ಬೈ ಫೋರ್ ಲೈಟ್ ಬಂತು, ಮಾರೋರು "ನೋಡಿ ಸಾರ್, ಪಕ್ಕಾ ವರ್ಕಿಂಗ್" ಅಂದ್ರು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಅಣ್ಣ ಏನೂ ಮಾತಾಡದೆ ಕೆಳಗಿಳಿದು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು "ಗಾಡಿ ಮೂವ್ ಮಾಡಿ ಸಾರ್" ಅಂದ. ಹಿಂದಿನ ಚಕ್ರ ಮಣ್ಣು ಎರಚ್ತಾ ಇತ್ತು, ಮುಂದಿಂದು ಅಲ್ಲಾಡ್ಲೇ ಇಲ್ಲ. ಮುಂದಿನ ಚಕ್ರನ ಆಕ್ಸಲ್ ಜೊತೆ ಜೋಡಿಸೋ ಹಬ್ ಲಾಕೇ ಆಗ್ತಿರ್ಲಿಲ್ಲ. ಅದಕ್ಕೇ ಲೈಟ್ ನಂಬ್ಬೇಡಿ, ಹೊರಗೊಬ್ಬರನ್ನ ನಿಲ್ಸಿ ಚಕ್ರ ನೋಡೋಕೆ ಹೇಳಿ.

ಫೋರ್ ಲೋ (ನಿಧಾನವಾಗಿ, ಆದ್ರೆ ಜಾಸ್ತಿ ಬಲದಲ್ಲಿ ಎಳೆಯೋ ಸೆಟ್ಟಿಂಗ್) ಹಾಕೋಕೆ ಗಾಡಿ ನಿಲ್ಸಿ ನ್ಯೂಟ್ರಲ್‌ಗೆ ತನ್ನಿ. ಫಸ್ಟ್ ಗೇರಲ್ಲಿ ಇಳಿಜಾರು ಇಳಿಸಿ ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ, ಲಿವರ್ ತಾನಾಗೇ ಕಳಚ್ಕೊಂಡ್ರೆ ಒಳಗೆ ಸವೆದಿದೆ, ದೊಡ್ಡ ಖರ್ಚು. ಕಾಲು ಒತ್ತಿ ಬಿಟ್ಟಾಗ ಕೆಳಗಿಂದ ಟಕ್ ಟಕ್ ಅಂದ್ರೆ ಆಕ್ಸಲ್ಲಿಗೆ ಶಕ್ತಿ ಒಯ್ಯೋ ಶಾಫ್ಟಿನ ಕ್ರಾಸ್ (ಅದರ ಜಾಯಿಂಟು) ಹೋಗಿರುತ್ತೆ, ಅದು ಸಣ್ಣ ರಿಪೇರಿ, ಚೌಕಾಸಿಗೆ ಒಳ್ಳೇದು.

ನಾಲ್ಕೂ ಟೈರ್ ಒಂದೇ ಸೈಜಾ, ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ಯಾ ನೋಡಿ, ಇಲ್ಲಾಂದ್ರೆ ಫೋರ್ ಹಾಕಿದಾಗೆಲ್ಲಾ ಒಳಗೆ ಜಗ್ಗಾಟ. ಟೈರ್ ಮೇಲಿನ ನಾಲ್ಕು ಅಂಕಿಲಿ 2319 ಅಂತಿದ್ರೆ 2019ರ 23ನೇ ವಾರದ್ದು.

2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು ಕಡೆ ನೀರಲ್ಲಿ ನಿಂತ ಗಾಡಿಗಳು ನೆನಪಿದ್ಯಲ್ಲ, ಅದಕ್ಕೆ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ, ತುದೀಲಿ ಕೆಸರಿನ ಗೆರೆ ಇದ್ರೆ ಗಾಡಿ ನೀರಲ್ಲಿ ನಿಂತಿತ್ತು ಅಂತ ಗೊತ್ತಾಗುತ್ತೆ.

ಇನ್ನು ದಿಲ್ಲಿ ಗಾಡಿ. ಅಲ್ಲಿ ಹಳೇ ಡೀಸೆಲ್‌ಗೆ ನಿರ್ಬಂಧ ಇರೋದ್ರಿಂದ ಇಲ್ಲಿಗೆ ಅಗ್ಗಕ್ಕೆ ಬರುತ್ತೆ, ಆದ್ರೆ ಅಲ್ಲಿನ ಆರ್‌ಟಿಒ ಕೊಡೋ ಎನ್‌ಒಸಿ ಬೇಕು, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಕಟ್ಬೇಕು, ಅದನ್ನೂ ಸೇರಿಸಿ ರೇಟ್ ಲೆಕ್ಕ ಹಾಕಿ. ಆರ್‌ಸಿಲಿ ಬ್ಯಾಂಕ್ ಹೆಸರಿದ್ರೆ ಸಾಲ ತೀರಿದೆ ಅನ್ನೋ ಫಾರ್ಮ್ 35 ಕೈಗೆ ಬರೋವರೆಗೂ ಬ್ಯಾಲೆನ್ಸ್ ಕೊಡ್ಬೇಡಿ, ಹೆಸರು ವರ್ಗಾಯಿಸೋ ಫಾರ್ಮ್ 29, 30ಕ್ಕೆ ಸೈನ್ ಓನರ್ ನಿಮ್ಮೆದುರೇ ಹಾಕ್ಲಿ.