ನೀರಿನೊಳಗೆ ಬೈಯಲಾಗುವುದಿಲ್ಲ

ಗಂಗಾವತಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬೇಸಿಗೆ ಭತ್ತದ ಕಾಲದಲ್ಲಿ ಸುಟ್ಟ ಪಂಪ್‌ಸೆಟ್‌ಗಳು ಬಾಗಿಲಿನಾಚೆಗೂ ಸಾಲುಗಟ್ಟುತ್ತವೆ. ಸಮುದ್ರಕ್ಕೂ ನಮಗೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಸಂಬಂಧ ನಿಜಕ್ಕೂ ಇಲ್ಲ. ನಮ್ಮ ತುಂಗಭದ್ರೆ ಕೃಷ್ಣೆಯನ್ನು ಕೂಡಿಕೊಂಡು ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನಾನು ವರ್ಷಕ್ಕೆ ಎರಡು ಸಲ ರಾತ್ರಿ ಬಸ್ಸು ಹತ್ತಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ, ಅವಳಿಗೆ ಬೆನ್ನು ಹಾಕಿ ಮುರುಡೇಶ್ವರದ ಕಡೆ ಹೊರಡುತ್ತೇನೆ. ಅಲ್ಲಿಂದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ನೇತ್ರಾಣಿ ಗುಡ್ಡ ಎಂಬ ದ್ವೀಪ. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಿಂದ ಮೇವರೆಗೆ ಅಲ್ಲಿ ಸ್ಕೂಬಾ, ಅಂದರೆ ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮುಳುಗುವುದು, ನಡೆಯುತ್ತದೆ.

ಜಲಚರಗಳಿಗೆ ತೊಂದರೆ ಕೊಡುವವರ ಬಗ್ಗೆ ಬರೆಯುವ ಮೊದಲು ನನ್ನ ಲೆಕ್ಕ ಒಪ್ಪಿಸಿಬಿಡುತ್ತೇನೆ. ನಾನು ನೋಡಿದ ಮೊದಲ ಅಪರಾಧಿ ನಾನೇ.

ಎಡದಂಡೆ ಕಾಲುವೆಯಲ್ಲಿ ಈಜು ಕಲಿತವನೆಂಬ ಜಂಬ ನನಗಿತ್ತು. ತರಬೇತಿ ಮುಗಿಸಿದ ಮರುದಿನದ ಮುಳುಗಿನಲ್ಲಿ, ಹತ್ತು ಮೀಟರ್ ಆಳದಲ್ಲಿ, ಚಿಟ್ಟೆಮೀನಿನ ಜೋಡಿಯೊಂದನ್ನು ನೋಡಲು ಗಕ್ಕನೆ ನಿಂತೆ. ನೀರಿನಲ್ಲಿ ನಿಲ್ಲುವುದೆಂದರೆ ನನಗಾಗ ಕಾಲು ಕೆಳಗೆ ಬಿಡುವುದು ಎಂದಷ್ಟೇ ಗೊತ್ತಿತ್ತು. ಕಾಲಿಗೆ ತೊಟ್ಟ ಈಜುರೆಕ್ಕೆಯ, ಅಂದರೆ ಫಿನ್ನಿನ, ತುದಿಗೆ ಏನೋ ತಗುಲಿತು. ಸದ್ದು ಕೇಳಿಸಲಿಲ್ಲ, ಮೊಣಕಾಲಿನವರೆಗೆ ಒಂದು ಸಣ್ಣ ಝುಮ್ ಮಾತ್ರ ಬಂತು. ತಿರುಗಿ ನೋಡಿದರೆ ತಟ್ಟೆಯಂತೆ ಹರಡಿದ್ದ ಹವಳದ ಅಂಚಿನಿಂದ ಅಂಗೈಯಷ್ಟು ತುಂಡು ಕಳಚಿ ಬಿದ್ದಿತ್ತು. ಮುರಿದ ಜಾಗ ಆಗತಾನೇ ಒಡೆದ ತೆಂಗಿನಕಾಯಿಯ ಒಳಭಾಗದಂತೆ ಬೆಳ್ಳಗಿತ್ತು. ಹವಳ ನೋಡಲು ಕಲ್ಲಿನಂತಿದ್ದರೂ ಅದರ ಮೇಲ್ಮೈ ತುಂಬ ಬಾಯಿ ಇರುವ ಪುಟ್ಟ ಪುಟ್ಟ ಜೀವಿಗಳು. ಅಂಗೈಯಷ್ಟು ಬೆಳೆಯಲು ವರ್ಷಗಳೇ ಹಿಡಿದಿರುತ್ತವೆ. ನನಗೆ ಬೇಕಾದದ್ದು ಅರೆ ಕ್ಷಣ.

ಮುರಿದದ್ದು ಕಣ್ಣಿಗೆ ಬೀಳುತ್ತದೆ, ಕೆದಕಿದ್ದು ಬೀಳುವುದಿಲ್ಲ. ನಾಟಿ ಗದ್ದೆಯಲ್ಲಿ ಹೆಜ್ಜೆ ಕಿತ್ತಾಗ ಕೆಸರು ಏಳುವುದನ್ನು ನೆನೆಸಿಕೊಳ್ಳಿ. ಫಿನ್ನಿನ ಒದೆತಕ್ಕೆ ತಳದ ಮರಳು ಹಾಗೆಯೇ ಎದ್ದು, ಹಿಂದೆ ಉಳಿದ ಹವಳದ ಮೇಲೆ ಕೂರುತ್ತದೆ. ಲೋಳೆ ಸುರಿಸಿ ಅದನ್ನು ತೊಳೆದುಕೊಳ್ಳುವ ಕೆಲಸ ಹವಳದ ಪಾಲಿಗೆ. ಒದ್ದವರು ಅಷ್ಟರಲ್ಲಿ ಮುಂದೆ ಹೋಗಿರುತ್ತಾರೆ.

ಮೇಲೆ ಬಂದ ಮೇಲೆ ತರಬೇತುದಾರರು ಬೈಯಲಿಲ್ಲ. ನನ್ನ ಸೊಂಟದ ಪಟ್ಟಿ ಬಿಚ್ಚಿಸಿ ಸೀಸದ ತುಂಡುಗಳನ್ನು ಎಣಿಸಿದರು. ಎಂಟು ಕಿಲೋ. ಮುಳುಗಲಾರೆನೇನೋ ಎಂಬ ಭಯಕ್ಕೆ ನಾನೇ ಕೇಳಿ ಹಾಕಿಸಿಕೊಂಡದ್ದು. ತೂಕ ಹೆಚ್ಚಾದಷ್ಟೂ ತೇಲಲೆಂದು ತೊಟ್ಟ ಜಾಕೆಟ್ಟಿಗೆ ಹೆಚ್ಚು ಗಾಳಿ ತುಂಬಬೇಕು. ಗಾಳಿ ಹೆಚ್ಚಾದಷ್ಟೂ ಒಂದು ಮೀಟರ್ ಏರಿದರೆ ಅದು ಹಿಗ್ಗಿ ಎತ್ತುತ್ತದೆ, ಒಂದು ಮೀಟರ್ ಇಳಿದರೆ ಕುಗ್ಗಿ ಕೆಡವುತ್ತದೆ. ಕೆಡವಿದಾಗ ಕೆಳಗಿರುವುದು ಹವಳ. ಈಗ ನನ್ನ ತೂಕ ಐದು ಕಿಲೋ. ಪರೀಕ್ಷೆ ಸುಲಭ: ಎಲ್ಲ ಸಲಕರಣೆ ತೊಟ್ಟು, ಜಾಕೆಟ್ ಖಾಲಿ ಮಾಡಿ, ಸಹಜವಾಗಿ ಉಸಿರು ಎಳೆದು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ಮುಳುಗಬೇಕು. ಅದರ ಮೇಲೆ ಇನ್ನೊಂದೆರಡು ಕಿಲೋ ಸೇರಿಸಿಕೊಳ್ಳಬೇಕು, ಏಕೆಂದರೆ ತುಂಬಿದ ಸಿಲಿಂಡರಿನಲ್ಲಿರುವ ಗಾಳಿಯೇ ಎರಡು ಕಿಲೋಗೂ ಹೆಚ್ಚು ತೂಗುತ್ತದೆ; ಖಾಲಿಯಾಗುತ್ತ ಬಂದಂತೆ ನಾವು ಹಗುರಾಗುತ್ತೇವೆ.

ಉಳಿದದ್ದು ಉಸಿರಿನ ಕೆಲಸ. ಎಳೆದರೆ ಮೆಲ್ಲನೆ ಏರುತ್ತೇವೆ, ಬಿಟ್ಟರೆ ಇಳಿಯುತ್ತೇವೆ, ಆದರೆ ಒಂದೆರಡು ಕ್ಷಣ ತಡವಾಗಿ. ಆ ತಡವನ್ನು ಮೈಗೂಡಿಸಿಕೊಳ್ಳುವುದೇ ವಿದ್ಯೆ. ಮೈ ರಸಮಟ್ಟದ ಗುಳ್ಳೆಯ ಹಾಗೆ ಅಡ್ಡಕ್ಕೆ ನಿಲ್ಲಬೇಕು. ಕಾಲನ್ನು ಮೇಲೆ ಕೆಳಗೆ ಬಡಿಯುವ ಬದಲು ಕಪ್ಪೆಯಂತೆ ಪಕ್ಕಕ್ಕೆ ತಳ್ಳಿದರೆ ಮರಳು ಏಳುವುದಿಲ್ಲ. ಕಾಲುವೆಯಲ್ಲಿ ಚಿಕ್ಕಂದಿನಲ್ಲಿ ಕಲಿತ ಕಪ್ಪೆ ಈಜು ಇಲ್ಲಿ ಕೆಲಸಕ್ಕೆ ಬಂತು ನೋಡಿ. ಕೈ ಎದೆಯ ಮೇಲೆ ಕಟ್ಟಿಕೊಂಡಿರುತ್ತೇನೆ. ಕೈಗವಸು ಹಾಕುವುದಿಲ್ಲ, ಬರಿಗೈಗೆ ಮುಟ್ಟುವ ಧೈರ್ಯ ತಾನಾಗಿ ಕಡಿಮೆ. ನೇತಾಡುವ ಮಾಪಕವನ್ನೂ ತುರ್ತಿಗೆಂದು ಇರುವ ಎರಡನೆಯ ರೆಗ್ಯುಲೇಟರನ್ನೂ (ಬಾಯಲ್ಲಿ ಕಚ್ಚಿಕೊಂಡು ಗಾಳಿ ಎಳೆಯುವ ಸಲಕರಣೆ) ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳುತ್ತೇನೆ. ಆ ರೆಗ್ಯುಲೇಟರಿಗೆ ಡೈವರ್‌ಗಳು ಕರೆಯುವ ಹೆಸರು ಆಕ್ಟೋಪಸ್. ಹವಳವನ್ನು ಗೀರಿಕೊಂಡು ಹೋಗುವ ಆಕ್ಟೋಪಸ್ ಅದೊಂದೇ.

ಇನ್ನು ಬೇರೆಯವರ ವಿಷಯ.

ಮೂರನೆಯ ವರ್ಷ ನಮ್ಮ ಕಡೆಯ ಐದು ಜನರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ. ಅದೇ ದೋಣಿಯಲ್ಲಿ ಬೇರೊಂದು ತಂಡವೂ ಇತ್ತು. ನೀರಿನಲ್ಲಿ ಬಂಡೆಯ ಸಂದಿಯೊಂದರ ಎದುರು ಆ ತಂಡದ ಒಬ್ಬ ಕ್ಯಾಮೆರಾದ ಕೋಲಿನಿಂದ ಏನನ್ನೋ ತಿವಿಯುತ್ತಿದ್ದ. ಹತ್ತಿರ ಹೋದರೆ ಪಫರ್ ಮೀನು. ಅದು ಹೆದರಿದಾಗ ನೀರು ನುಂಗಿ ಚೆಂಡಾಗುತ್ತದೆ. ಇವನಿಗೆ ಬೇಕಿದ್ದದ್ದು ಆ ಚೆಂಡಿನ ವಿಡಿಯೊ. ನೋಡನೋಡುತ್ತಿದ್ದಂತೆ ಅದು ಉಬ್ಬಿತು. ಹೊಟ್ಟೆಯ ಚರ್ಮ ಬಿಗಿದು ಹೊಳೆಯಿತು. ಅಷ್ಟು ದೊಡ್ಡ ಮೈಗೆ ಎರಡು ಪುಟಾಣಿ ರೆಕ್ಕೆಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು, ಮೀನು ಮಾತ್ರ ಇದ್ದಲ್ಲಿಯೇ ಹೊರಳುತ್ತಿತ್ತು. ನೋಡಲು ನಗು ಬರುವಂತಿರುತ್ತದೆ, ಅದೇ ತೊಂದರೆ. ಉಬ್ಬಿದ ಮೀನು ಬೇಗ ಓಡಲಾರದು. ಇಳಿದ ಮೇಲೂ ಅದರ ಉಸಿರಾಟ ಮೊದಲಿನ ಸ್ಥಿತಿಗೆ ಬರಲು ಗಂಟೆಗಳೇ ಬೇಕಾಗುತ್ತವೆ.

ನನಗೆ ಸಿಟ್ಟು ನೆತ್ತಿಗೇರಿತು. ಬೈಯೋಣವೆಂದರೆ ಬಾಯಿ ಖಾಲಿ ಇರಬೇಕಲ್ಲ, ಅಲ್ಲಿ ರೆಗ್ಯುಲೇಟರ್ ಇದೆ. ಹಿಂದಿನಿಂದ ಹೋಗಿ ಅವನ ತೋಳು ಹಿಡಿದು ಎಳೆದೆ. ಅದು ನನ್ನ ಎರಡನೆಯ ಅಪರಾಧ. ಅವನು ಬೆಚ್ಚಿದ. ಗುಳ್ಳೆಗಳು ಒಮ್ಮೆಲೇ ನುಗ್ಗಿದವು, ಕಣ್ಣು ಅಗಲವಾದವು, ಕಾಲು ಬಡಿಯುತ್ತ ಮೇಲಕ್ಕೆ ಹಾರಲು ಹೊರಟ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದರ ಇಮ್ಮಡಿ. ಅಲ್ಲಿಂದ ಉಸಿರು ಬಿಗಿಹಿಡಿದು ಚಿಮ್ಮಿದರೆ ಶ್ವಾಸಕೋಶ ಹರಿಯಬಹುದು. ಅವನ ತಂಡದ ಮುಖ್ಯಸ್ಥ ಜಾಕೆಟ್ ಹಿಡಿದು ನಿಲ್ಲಿಸದಿದ್ದರೆ ಮೀನಿನ ಪರ ವಾದಿಸಲು ಹೋಗಿ ಮನುಷ್ಯನ ಜೀವಕ್ಕೆ ಸಂಚಕಾರ ತಂದವನಾಗುತ್ತಿದ್ದೆ. ದೋಣಿಯಲ್ಲಿ ಬೈಗುಳ ತಿಂದವನು ನಾನು, ಅವನಲ್ಲ. ನ್ಯಾಯವಾಗಿಯೇ ತಿಂದೆ.

ಆಮೇಲಿನಿಂದ ದಾರಿ ಬದಲಿಸಿದೆ. ಮುಕ್ಕಾಲು ಪಾಲು ಕೆಲಸ ಈಗ ದೋಣಿಯಲ್ಲೇ ಮುಗಿಯುತ್ತದೆ. ಹೋಗುವಾಗಿನ ಒಂದೂವರೆ ಗಂಟೆಯಲ್ಲಿ, ವಾಂತಿ ಬಂದವರನ್ನು ಬಿಟ್ಟು, ಉಳಿದವರೊಡನೆ ಹರಟುತ್ತ ನನ್ನ ಮುರಿದ ಹವಳದ ಕಥೆ ಹೇಳುತ್ತೇನೆ. ನಿಯಮ ಹೇಳಿದರೆ ಮುಖ ತಿರುಗಿಸುವವರೂ ಬೇರೆಯವನ ಪೆದ್ದುತನವನ್ನು ಕಿವಿಗೊಟ್ಟು ಕೇಳುತ್ತಾರೆ. ಮೊರೇ ಹಾವುಮೀನು ಬಾಯಿ ತೆರೆದು ಮುಚ್ಚುವುದು ಬೆದರಿಸಲಿಕ್ಕಲ್ಲ, ಉಸಿರಾಡಲಿಕ್ಕೆ. ಕಡಲಾಮೆಗೂ ನಮ್ಮಂತೆ ಗಾಳಿ ಬೇಕು. ಇಂಥವನ್ನು ಮೊದಲೇ ಕೇಳಿದವನು ಕೆಳಗೆ ಹೋದಾಗ ಬೇರೆ ಕಣ್ಣಿನಿಂದ ನೋಡುತ್ತಾನೆ. ಮೀನಿಗೆ ಬಿಸ್ಕತ್ತು ಹಾಕುವ ಚಟವೂ ಈ ಹರಟೆಯಲ್ಲೇ ಅರ್ಧ ನಿಲ್ಲುತ್ತದೆ.

ನೀರಿನೊಳಗೆ ಯಾರನ್ನೂ ಮುಟ್ಟುವುದಿಲ್ಲ. ಮುಂದಿನಿಂದ, ಅವರ ಕಣ್ಣಿಗೆ ಬೀಳುವಂತೆ ಬರುತ್ತೇನೆ. ಮೊದಲು ಸರಿಯೇ ಎಂಬ ಸಂಜ್ಞೆ, ಏಕೆಂದರೆ ಹವಳ ಹಿಡಿದುಕೊಂಡವರಲ್ಲಿ ಅರ್ಧ ಜನ ಹಿಡಿದುಕೊಂಡಿರುವುದು ಹೆದರಿಕೆಯಿಂದ. ಅಂಥವರಿಗೆ ಬೇಕಾದದ್ದು ಬುದ್ಧಿಮಾತಲ್ಲ, ಮೇಲೇಳಲು ನೆರವು. ಅವರ ಜೊತೆಗಾರನನ್ನೋ ತರಬೇತುದಾರರನ್ನೋ ಕರೆಯುತ್ತೇನೆ. ಬೇಕೆಂದೇ ಕೆಣಕುವವನಾದರೆ ಅವನಿಗೂ ಪ್ರಾಣಿಗೂ ನಡುವೆ ಮೆಲ್ಲನೆ ತೇಲಿ ಬರುತ್ತೇನೆ, ಪ್ರಾಣಿಗೆ ಓಡುವ ದಾರಿ ಬಿಟ್ಟು. ಕ್ಯಾಮೆರಾದಲ್ಲಿ ನನ್ನ ಫಿನ್ನೇ ತುಂಬಿಕೊಂಡರೆ ವಿಡಿಯೊ ಯಾರಿಗೆ ಬೇಕು? ಅದಕ್ಕೂ ಬಗ್ಗದಿದ್ದರೆ ಸ್ಲೇಟು. ಅಂಗೈ ಅಗಲದ ಬಿಳಿಯ ಪ್ಲಾಸ್ಟಿಕ್ ಹಲಗೆ, ಪೆನ್ಸಿಲ್ ಕಟ್ಟಿರುತ್ತದೆ. ನನ್ನದರ ಮೇಲೆ ದಪ್ಪಕ್ಷರದಲ್ಲಿ ‘ಮುಟ್ಟಬೇಡ’ ಎಂದು ಬರೆದೇ ಇಳಿಯುತ್ತೇನೆ. ಕನ್ನಡ ಬಾರದವರಿಗೂ ನನ್ನ ಬೆರಳಾಡಿಸುವಿಕೆ ಅರ್ಥವಾಗಿದೆ.

ಹೋದ ಸಲ ಹಸಿರು ಕಡಲಾಮೆಯೊಂದು ಬಂಡೆಯ ಪಾಚಿ ಮೇಯುತ್ತಿತ್ತು. ನಾಲ್ವರು ಅದರ ನೆತ್ತಿಯ ಮೇಲೆ ಗುಂಪುಗೂಡಿದ್ದರು. ಆಮೆಗೆ ತೊಂದರೆ ಕೊಡುವ ಯೋಚನೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ, ಆದರೆ ಅದು ಗಾಳಿಗೆ ಏರುವ ದಾರಿಯೇ ಮುಚ್ಚಿಹೋಗಿತ್ತು. ಅಂಗೈಯನ್ನು ಅಡ್ಡಕ್ಕೆ ಆಡಿಸಿ ಪಕ್ಕಕ್ಕೆ ಸರಿಯುವಂತೆ ತೋರಿಸಿದೆ. ಸರಿದರು. ಸ್ವಲ್ಪ ಹೊತ್ತಿನಲ್ಲಿ ಆಮೆ ಆ ಖಾಲಿ ಜಾಗದಿಂದಲೇ, ನಮ್ಮ ಮುಖದ ಎದುರಿಗೇ, ಅವಸರವಿಲ್ಲದೆ ಏರಿಹೋಯಿತು. ಬೆನ್ನಟ್ಟಿದ್ದರೆ ಬಾಲವಷ್ಟೇ ಕಾಣುತ್ತಿತ್ತು.

ಮೇಲೆ ಬಂದ ಮೇಲೆ ಎಲ್ಲರ ಎದುರಿಗೆ ಹೇಳುವುದಿಲ್ಲ. ಚಹಾ ಕುಡಿಯುವಾಗ ಒಬ್ಬನೇ ಸಿಕ್ಕರೆ ಹೇಳುತ್ತೇನೆ. ತರಬೇತುದಾರರೇ ಪ್ರಾಣಿಯನ್ನು ಎತ್ತಿ ಗಿರಾಕಿಯ ಕೈಗೆ ಕೊಟ್ಟದ್ದನ್ನೂ ಒಂದು ಕಡೆ ನೋಡಿದ್ದೇನೆ. ಅಲ್ಲಿಯ ಮಾಲೀಕರಿಗೆ ಕಾರಣ ಹೇಳಿ, ಮುಂದೆ ಆ ಕಡೆ ತಲೆ ಹಾಕಲಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2004ರಲ್ಲಿ ಆರಂಭಿಸಿದ ಗ್ರೀನ್ ಫಿನ್ಸ್ ಎಂಬ, ಹವಳಕ್ಕೆ ಹಾನಿಯಾಗದಂತೆ ಡೈವಿಂಗ್ ನಡೆಸುವ ನಡವಳಿಕೆ ಸಂಹಿತೆ ಇದೆ. ಈಗ ಹೊಸ ಕಡೆ ದುಡ್ಡು ಕಟ್ಟುವ ಮೊದಲು ಅದರ ಬಗ್ಗೆ ಕೇಳುತ್ತೇನೆ. ಉತ್ತರಕ್ಕಿಂತ ಕೇಳಿದಾಗಿನ ಮುಖ ಹೆಚ್ಚು ಹೇಳುತ್ತದೆ.

ಒಮ್ಮೆ ವಾಪಸಾಗುವ ಬಸ್ಸಿನಲ್ಲಿ ನಮ್ಮವನೇ ಒಬ್ಬ ಚೀಲದಿಂದ ಹವಳದ ತುಂಡು ತೆಗೆದು ತೋರಿಸಿದ. ಸತ್ತದ್ದು, ತಳದಲ್ಲಿ ಬಿದ್ದಿತ್ತು ಎಂದ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿ ಅದು ಎಂದೆ. ಹುಲಿಯ ಹೆಸರು ಕೇಳಿದ್ದೇ ಅವನ ಮುಖ ಬಿಳಿಚಿತು. ದೂಷಿಸಲು ನನಗೆ ಬಾಯಿ ಬರಲಿಲ್ಲ. ಹೊರಡುವ ಮುನ್ನ ಹೇಳಬೇಕಾದ್ದನ್ನು ಬಸ್ಸಿನಲ್ಲಿ ಹೇಳಿದವನು ನಾನು.

ಊರಿನಲ್ಲೂ ಈ ಪಾಠ ಕೆಲಸಕ್ಕೆ ಬಂದಿದೆ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಬಳ್ಳಾರಿ ಜಿಲ್ಲೆಯ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಆನೆಗುಂದಿಯ ಕಡೆ ನೆಂಟರನ್ನು ಕರೆದುಕೊಂಡು ಹೋದಾಗ ಹರಿಗೋಲು ಹತ್ತುವ ಮೊದಲೇ ಅಂಬಿಗನಿಗೆ ಹೇಳಿಬಿಡುತ್ತೇನೆ: ನೀರುನಾಯಿ ಕಂಡರೆ ಹುಟ್ಟು ನಿಲ್ಲಿಸಿ, ಹತ್ತಿರ ಒಯ್ಯಬೇಡಿ, ದುಡ್ಡು ಅಷ್ಟೇ ಕೊಡುತ್ತೇನೆ. ಕೊನೆಯ ಮಾತಿಗೆ ಅವನ ಮುಖ ಸಡಿಲಾಗುತ್ತದೆ. ಹತ್ತಿರ ಒಯ್ದರೆ ಮಾತ್ರ ಬಕ್ಷೀಸು ಎಂದು ಅವನಿಗೆ ಕಲಿಸಿದವರು ನಮ್ಮಂಥವರೇ ತಾನೆ.

ಸ್ಲೇಟು ವರ್ಷದ ಉಳಿದ ದಿನಗಳಲ್ಲಿ ಅಂಗಡಿಯ ಗೋಡೆಗೆ ನೇತಾಡುತ್ತದೆ. ಸುತ್ತುಗಳ ಲೆಕ್ಕವನ್ನು ಅದರ ಮೇಲೆಯೇ ಬರೆದು ಅಳಿಸುತ್ತೇನೆ. ಎಷ್ಟು ಉಜ್ಜಿದರೂ ‘ಮುಟ್ಟಬೇಡ’ದ ಅಚ್ಚು ಪೂರ್ತಿ ಹೋಗಿಲ್ಲ. ಅದರ ಕೆಳಗೇ ವಾರ್ನಿಷ್ ಹೊಡೆದು ಒಣಗಲು ಇಟ್ಟ ಮೋಟಾರುಗಳಿರುವುದರಿಂದ, ಬಂದವರು ಅದನ್ನು ಓದಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ.