ಕಾಯಿ ನಡೆಸಿದ ಕೈಯೇ ಗಡಿಯಾರ ಒತ್ತಲಿ

ಹಾಸನದಲ್ಲಿ ಭಾನುವಾರದ ಚೆಸ್ ಪಂದ್ಯಾವಳಿ ಎಂದರೆ ಒಂದು ಕಲ್ಯಾಣ ಮಂಟಪ, ಇಲ್ಲವೇ ಶಾಲೆಯ ಸಭಾಂಗಣ. ಸಕಲೇಶಪುರ, ಬೇಲೂರು, ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಮಕ್ಕಳು ಯಾರಿಗೆ ಯಾರು ಜೋಡಿ ಎಂದು ನೋಡಲು ಗೋಡೆಯ ಪಟ್ಟಿಯ ಮುಂದೆ ಮುಗಿಬೀಳುತ್ತಾರೆ. ಇವರಲ್ಲಿ ಬಹಳ ಮಂದಿ ಆಡಿ ಪಳಗಿದ್ದು ಮೊಬೈಲಿನಲ್ಲಿ. ಅಲ್ಲಿ ನಡೆ ಮುಗಿದ ಕೂಡಲೇ ಸಮಯ ತಾನಾಗಿಯೇ ಎದುರಾಳಿಯ ಕಡೆ ತಿರುಗುತ್ತದೆ. ಟೇಬಲ್ಲಿನ ಮೇಲಿನ ಗಡಿಯಾರ ಹಾಗಲ್ಲ. ನೀವು ಒತ್ತದಿದ್ದರೆ ನಿಮ್ಮ ಸಮಯವೇ ಓಡುತ್ತಿರುತ್ತದೆ. ಎದುರಿಗಿರುವವರು ಅದನ್ನು ನೋಡಿಯೂ ಗಲ್ಲಕ್ಕೆ ಕೈಕೊಟ್ಟು ಸುಮ್ಮನೆ ಕೂತಿರಬಹುದು. ನೆನಪಿಸಬೇಕೆಂಬ ನಿಯಮವೇನೂ ಇಲ್ಲ. ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳನ್ನು ಬಾಯಿಪಾಠ ಮಾಡಿಸುವ ಪೋಷಕರು ಗಡಿಯಾರದ ಅಭ್ಯಾಸ ಮಾಡಿಸುವುದು ಕಡಿಮೆ. ಗೆದ್ದ ಆಟ ಕೈತಪ್ಪುವುದು ಮಾತ್ರ ಅಲ್ಲೇ.

ಕೂರುವ ಮೊದಲು ಕೇಳಿ

ಮೊದಲ ಕೆಲಸ, ಟೈಮ್ ಕಂಟ್ರೋಲ್, ಅಂದರೆ ಆಟಕ್ಕೆ ಎಷ್ಟು ಸಮಯ ಎಂದು ತಿಳಿದುಕೊಳ್ಳುವುದು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದ ಪ್ರಕಾರ ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಿಟ್ಜ್, 10ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ ಇದ್ದರೆ ರ‍್ಯಾಪಿಡ್, ಅದರ ಮೇಲಿನದು ಕ್ಲಾಸಿಕಲ್. ಪ್ರತಿ ನಡೆಗೂ ಸೆಕೆಂಡುಗಳು ಸೇರುವ ಏರ್ಪಾಡಿದ್ದರೆ 60 ನಡೆಗೆ ಎಷ್ಟು ಸೇರುತ್ತದೋ ಅದನ್ನೂ ಕೂಡಿಯೇ ಈ ಲೆಕ್ಕ. ಹೀಗೆ ಸೇರುವುದಕ್ಕೆ ಇನ್‌ಕ್ರಿಮೆಂಟ್ ಎನ್ನುತ್ತಾರೆ. ಅಮೆರಿಕದ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1988ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದ ಈ ಬಗೆಯ ಗಡಿಯಾರ 1992ರಲ್ಲಿ ಅವರು ಸ್ಪಾಸ್ಕಿ ಜತೆ ಆಡಿದ ಮರುಪಂದ್ಯದಲ್ಲಿ ಬಳಕೆಯಾಯಿತು.

ಇಷ್ಟು ಸಣ್ಣ ವಿಷಯ ಕೇಳಲು ಸಂಕೋಚ ಬೇಡ. 2015ರ ನಾರ್ವೆ ಚೆಸ್ ಟೂರ್ನಿಯ ಮೊದಲ ಸುತ್ತಿಗೆ ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ತಡವಾಗಿ ಬಂದರು. ಆರ್ಬಿಟರ್, ಅಂದರೆ ಪಂದ್ಯದ ತೀರ್ಪುಗಾರರು, ಸಮಯದ ಬಗ್ಗೆ ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಟೋಪಲೋವ್ ವಿರುದ್ಧ ಗೆಲ್ಲುವ ಸ್ಥಿತಿಗೆ ಬಂದಿದ್ದವರು 60ನೇ ನಡೆಯಾದ ಮೇಲೆ ಇನ್ನಷ್ಟು ನಿಮಿಷ ಸಿಗುತ್ತದೆ ಎಂದುಕೊಂಡು ನಿಧಾನವಾಗಿ ಯೋಚಿಸುತ್ತ ಕೂತರು. ಸಿಗಲಿಲ್ಲ. ಸಮಯ ಮುಗಿದು ಸೋತರು.

ಕೈಗೆ ಅಭ್ಯಾಸ

ನಡೆಸಿದ ಕೈಯಲ್ಲೇ ಗಡಿಯಾರ ಒತ್ತಬೇಕು. ಬಲಗೈಯಲ್ಲಿ ಕುದುರೆ ಎತ್ತಿಟ್ಟು ಎಡಗೈಯನ್ನು ಗಡಿಯಾರದ ಮೇಲೆ ಸಿದ್ಧವಾಗಿಟ್ಟುಕೊಳ್ಳುವಂತಿಲ್ಲ. ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸುವ ಕ್ಯಾಸ್ಲಿಂಗ್ ಕೂಡ ಒಂದೇ ಕೈಯಲ್ಲಿ, ಮೊದಲು ರಾಜ, ಆಮೇಲೆ ಆನೆ. ಎರಡೂ ಕೈ ಬಳಸಿ ಒಂದು ನಡೆ ಆಡಿ ಗಡಿಯಾರ ಒತ್ತಿದರೆ ತಪ್ಪು ನಡೆಯ ಲೆಕ್ಕ: ಕ್ಲಾಸಿಕಲ್‌ನಲ್ಲಿ ಎದುರಾಳಿಗೆ 2 ನಿಮಿಷ ಹೆಚ್ಚುವರಿ, ಎರಡನೇ ಸಲಕ್ಕೆ ಸೋಲು. ಗಡಿಬಿಡಿಯಲ್ಲಿ ಕಾಯಿ ಉರುಳಿಸಿದರೆ ನಿಮ್ಮ ಸಮಯದಲ್ಲೇ ನೆಟ್ಟಗೆ ನಿಲ್ಲಿಸಿ, ಆಮೇಲೆ ಒತ್ತಿ. ಗಡಿಯಾರ ಯಾವ ಬದಿಗಿರಬೇಕು ಎಂದು ಹೇಳುವುದು ಆರ್ಬಿಟರ್. ಎಡಚರಾದರೂ ತಾವಾಗಿಯೇ ಅದನ್ನು ಎತ್ತಿಡುವ ಹಾಗಿಲ್ಲ.

ಮನೆಯಲ್ಲಿ ಗಡಿಯಾರ ಇಲ್ಲದಿದ್ದರೆ ಚೆಸ್ ಕ್ಲಾಕ್ ಆ್ಯಪ್ ಹಾಕಿದ ಮೊಬೈಲನ್ನೇ ಬೋರ್ಡಿನ ಪಕ್ಕ ಇಟ್ಟು, ನಿಜವಾದ ಕಾಯಿಗಳಲ್ಲಿ ಆಡಿ. ಪಂದ್ಯಕ್ಕೆ ಮುಂಚಿನ ವಾರ ದಿನಕ್ಕೊಂದು ಆಟ ಹೀಗೆ ಆಡಿದರೂ ಸಾಕು, ಒತ್ತುವುದು ಕೈಗೆ ರೂಢಿಯಾಗುತ್ತದೆ.

ನಿಮಿಷ ಹಂಚುವುದು

90 ನಿಮಿಷ, ನಡೆಗೆ 30 ಸೆಕೆಂಡ್ ಇನ್‌ಕ್ರಿಮೆಂಟ್ ಇರುವ ಆಟ ತೆಗೆದುಕೊಳ್ಳಿ. 40 ನಡೆಗೆ 20 ನಿಮಿಷ ಸೇರಿ 110 ನಿಮಿಷ. ಸರಾಸರಿ ನಡೆಗೆ 2 ನಿಮಿಷ 45 ಸೆಕೆಂಡ್. 15 ನಿಮಿಷ ಮತ್ತು 10 ಸೆಕೆಂಡಿನ ರ‍್ಯಾಪಿಡ್‌ನಲ್ಲಿ 60 ನಡೆಗೆ ಒಟ್ಟು 25 ನಿಮಿಷ, ಅಂದರೆ ನಡೆಗೆ 25 ಸೆಕೆಂಡ್. ಆದರೆ ಸರಾಸರಿಯಂತೆ ಆಡಲು ಹೋಗಬೇಡಿ. ಗೊತ್ತಿರುವ ಓಪನಿಂಗ್‌ಗೆ, ಹೊಡೆದ ಕಾಯನ್ನು ತಿರುಗಿ ಹೊಡೆಯಲೇಬೇಕಾದ ನಡೆಗೆ ಹೆಚ್ಚು ಹೊತ್ತು ಬೇಕಿಲ್ಲ. 90 ನಿಮಿಷದ ಆಟದಲ್ಲಿ ಮೊದಲ ಹತ್ತು ನಡೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿದರೆ ಚೆನ್ನ. ಉಳಿಸಿದ್ದನ್ನು ಎರಡು ಮೂರು ಕಡೆ ಧಾರಾಳವಾಗಿ ಖರ್ಚು ಮಾಡಿ: ಪದಾತಿಗಳ ರಚನೆ ಬದಲಾಗುವಾಗ, ರಾಣಿ ರಾಣಿ ಹೊಡೆದಾಡುವ ಮುನ್ನ, ಕಾಯಿ ಬಲಿಕೊಡಬೇಕೆಂದಾಗ.

ಸಮಯ ಸೋರಿಹೋಗುವುದು ಬಹುಪಾಲು ಅನುಮಾನದಿಂದ. ಒಂಟೆಯೋ ಕುದುರೆಯೋ ಎಂದು ಅದೇ ಎರಡು ನಡೆಯನ್ನು ನಾಲ್ಕು ಸಲ ಲೆಕ್ಕ ಹಾಕುವುದು ಯೋಚನೆಯಲ್ಲ. ಎರಡೂ ಹೆಚ್ಚು ಕಡಿಮೆ ಒಂದೇ ಎನಿಸಿದರೆ ಒಂದನ್ನು ಆಡಿ ಗಡಿಯಾರ ಒತ್ತಿ. ಎದುರಾಳಿ ಯೋಚಿಸುತ್ತಿರುವಾಗ ಎದ್ದು ಅಡ್ಡಾಡುವ ಬದಲು ನಿಮ್ಮ ಯಾವ ಕಾಯಿ ಕೆಲಸವಿಲ್ಲದೆ ಕೂತಿದೆ, ಅದು ಎಲ್ಲಿಗೆ ಹೋಗಬೇಕು ಎಂದು ನೋಡಿಕೊಳ್ಳಿ. ‘ಅವನು ಹೀಗೆ ಆಡಿದರೆ ನಾನು ಹೀಗೆ’ ಎಂಬ ಲೆಕ್ಕ ನಿಮ್ಮ ಸರದಿ ಬಂದಾಗ.

ನಡೆ ಬರೆಯುವ ಹಾಳೆ ಇದಕ್ಕೆಲ್ಲ ಸಾಕ್ಷಿ. ಗಡಿಯಾರದಲ್ಲಿ ಉಳಿದ ಸಮಯವನ್ನು ಅದರಲ್ಲಿ ಬರೆದುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ನಡೆ ಆಡಿದ ಮೇಲೆ ಪಕ್ಕದಲ್ಲೇ ಸಣ್ಣದಾಗಿ ನಿಮಿಷ ಬರೆಯಿರಿ. 12ನೇ ನಡೆಯ ಎದುರು 81, 16ರ ಎದುರು 70, 17ರ ಎದುರು 43 ಎಂದಿದ್ದರೆ ಆ ಒಂದು ನಡೆ ಸುಮಾರು 27 ನಿಮಿಷ ನುಂಗಿದೆ. ಊರಿಗೆ ಹೋಗುವ ಬಸ್ಸಿನಲ್ಲಿ ಮೊಬೈಲಿನಲ್ಲಿ ಆಟ ವಿಶ್ಲೇಷಿಸುವ ಚೆಸ್ ಎಂಜಿನ್ ತೆರೆಯುವ ಮುಂಚೆ ಆ ಜಾಗ ನೋಡಿ. ನಾಲ್ಕೈದು ಆಟದ ಹಾಳೆ ಜೋಡಿಸಿದರೆ ನಿಮ್ಮ ಸಮಯ ತಿನ್ನುವುದು ಎಂಥ ಸ್ಥಿತಿ ಎಂದು ಗೊತ್ತಾಗುತ್ತದೆ.

ಕೊನೆಯ ನಿಮಿಷಗಳು

2024ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ 40 ನಡೆಗೆ 120 ನಿಮಿಷ. ಅಲ್ಲಿಯವರೆಗೆ ಇನ್‌ಕ್ರಿಮೆಂಟ್ ಇರಲಿಲ್ಲ. ಮೂರನೇ ಆಟದ 37ನೇ ನಡೆಯ ಹೊತ್ತಿಗೆ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಸಮಯ ಮುಗಿಯಿತು, ಭಾರತದ ಗುಕೇಶ್ ಗೆದ್ದರು. ಇನ್‌ಕ್ರಿಮೆಂಟ್ ಇಲ್ಲದ ಆಟದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದರೆ ನಡೆ ಬರೆಯುವ ಕಡ್ಡಾಯವಿಲ್ಲ. ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆಯವರೆಗೂ ಬರೆಯಲೇಬೇಕು.

ಎದುರಾಳಿಯ ಬಳಿ ಬರೀ ರಾಜ ಉಳಿದು ನಿಮ್ಮ ಸಮಯ ಮುಗಿದರೆ ಡ್ರಾ. ಅವರ ಬಳಿ ಒಂದೇ ಒಂದು ಪದಾತಿ ಇದ್ದರೂ ಸಾಮಾನ್ಯವಾಗಿ ನಿಮಗೆ ಸೋಲೇ. ಹಾಗಾಗಿ ಸೆಕೆಂಡು ಎಣಿಸುವ ಹೊತ್ತಿನಲ್ಲಿ ಚೆಕ್‌ಮೇಟ್ ಹುಡುಕುತ್ತ ಕೂರುವ ಬದಲು, ನಿಮಗೆ ನಷ್ಟವಿಲ್ಲದೆ ಸಿಗುವ ಆ ಕಡೇ ಪದಾತಿಯನ್ನು ಹೊಡೆದುಹಾಕುವುದು ಜಾಣತನ.

ಪದಾತಿ ಎಂಟನೇ ಮನೆ ತಲುಪಿ ರಾಣಿಯಾಗಬೇಕಾದಾಗ ಮೇಜಿನಲ್ಲಿ ಇನ್ನೊಂದು ರಾಣಿ ಇಲ್ಲದಿದ್ದರೆ ಆನೆಯನ್ನು ತಲೆಕೆಳಗಾಗಿಟ್ಟು ಗಡಿಯಾರ ಒತ್ತುವ ಚಾಳಿ ಮನೆ ಆಟದಿಂದ ಬಂದದ್ದು. ಪಂದ್ಯದಲ್ಲಿ ಅದು ಆನೆಯೇ, ರಾಣಿಯಲ್ಲ. ಅಂಥ ಹೊತ್ತಲ್ಲಿ ಗಡಿಯಾರ ನಿಲ್ಲಿಸಿ, ಆರ್ಬಿಟರ್ ಅವರನ್ನು ಕರೆದು ರಾಣಿ ಕೇಳಿ. ಹತ್ತು ಸೆಕೆಂಡ್ ಉಳಿದಿದ್ದರೂ ಅವರು ಕಾಯಿ ತಂದುಕೊಡುವ ತನಕ ಅದು ಹತ್ತೇ ಆಗಿರುತ್ತದೆ.